ತೊಟ್ಟಿಲಲ್ಲಿ ಕೊಟ್ಟ ಮಾತು

ಅಪ್ಪ ಎರಡು ದಿನ ಆ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಮೈಸೂರಿನಲ್ಲಿ ಅವಳಿದ್ದ ಹಾಸ್ಟೆಲಿನ ಗೇಟಿಗೆ ಸರಿಯಾಗಿ ಎದುರಿಗಿದ್ದ ಅಂಗಡಿ ಅದು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಒಂದು ರೆಗ್ಜಿನ್ ಬ್ಯಾಗು. ಬೆಳಗ್ಗೆ ಬಂದು ಕೂತರೆ ಸಂಜೆ ಗೇಟು ಹಾಕುವ ತನಕ ಅಲ್ಲಿಂದ ಅಲ್ಲಾಡಲಿಲ್ಲ. ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ. ಎರಡನೆಯ ದಿನ ಸಂಜೆ ವಾಚ್‌ಮನ್ನನ್ನು ಕರೆದು ಟೀ ಕುಡಿಸಿ, ಇಂಥ ಹುಡುಗಿ ಯಾರ ಜೊತೆ ಓಡಾಡ್ತಾಳೆ ಎಂದು ಕೇಳಿದ. ಪುಸ್ತಕದ ಜೊತೆ ಎಂದನಂತೆ ವಾಚ್‌ಮನ್. ಅಪ್ಪನಿಗೆ ಅದು ಕುಚೋದ್ಯ ಅನ್ನಿಸಿತು. ಕೊನೆಯ ಬಸ್ಸಿಗೆ ಮದ್ದೂರಿಗೆ ವಾಪಸಾದ.

ಅದು 1997ರ ಫೆಬ್ರುವರಿ. ಅವಳು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಅಪ್ಪ ಹುಡುಕಿಕೊಂಡು ಬಂದಿದ್ದು ಒಬ್ಬ ಹುಡುಗನನ್ನು. ಅಂಥ ಹುಡುಗ ಯಾರೂ ಇರಲೇ ಇಲ್ಲ.

ಇದ್ದಿದ್ದರೆ ಅಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಮನೆ ಯಾವುದು, ಜನ ಯಾರು ಎಂದು ವಿಚಾರಿಸಬಹುದಿತ್ತು. ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಹೆದರಿಸಬಹುದಿತ್ತು. ಕೊನೆಗೆ ತಲೆಕೆಟ್ಟವನು ನನ್ನ ಮಗಳ ತಲೆ ಕೆಡಿಸಿದ ಎಂದು ಊರಿಗೆ ಹೇಳಿಕೊಂಡು ತಿರುಗಬಹುದಿತ್ತು. ಯಾರೂ ಇಲ್ಲದೆ, ಏನೂ ಇಲ್ಲದೆ, ಬರೀ 'ನಂಗೆ ಬೇಡ' ಎನ್ನುವ ಮಗಳನ್ನು ಏನು ಮಾಡುವುದೆಂದು ಅವನಿಗೂ ತಿಳಿಯಲಿಲ್ಲ, ಊರಿಗೂ ತಿಳಿಯಲಿಲ್ಲ.

ಅವಳು 'ಬೇಡ' ಅಂದದ್ದು ಅದಕ್ಕೂ ಒಂದು ತಿಂಗಳು ಮೊದಲು, ಸಂಕ್ರಾಂತಿಯ ದಿನ. ಮಂಡ್ಯದ ಕಡೆ ಸಂಕ್ರಾಂತಿ ಎಂದರೆ ದನಗಳ ಹಬ್ಬ. ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರ ಮುಂದೆ ಹುಲ್ಲು ಹಾಸಿ ಬೆಂಕಿಯಿಟ್ಟು ಕಿಚ್ಚು ಹಾಯಿಸುತ್ತಾರೆ. ಆ ವರ್ಷ ಅತ್ತೆಯ ಮನೆಯವರೂ ಹಬ್ಬಕ್ಕೆ ಬಂದಿದ್ದರು. ಅತ್ತೆ ಅಪ್ಪನ ಒಬ್ಬಳೇ ಅಕ್ಕ. ನಾಗಮಂಗಲದ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಜೊತೆಗೆ ಅತ್ತೆಯ ಮಗನೂ ಬಂದಿದ್ದ. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರು, ಸಾಧು, ಮಾತು ಕಡಿಮೆ. ಎಳ್ಳು ಬೆಲ್ಲದ ತಟ್ಟೆಯ ಪಕ್ಕದಲ್ಲೇ ಪಂಚಾಂಗ ಇತ್ತು. ಪರೀಕ್ಷೆ ಮುಗಿಯಲಿ, ಮೇ ತಿಂಗಳಲ್ಲಿ ಒಂದು ಲಗ್ನ ನೋಡೋಣ ಎಂದು ಅಪ್ಪನೂ ಮಾವನೂ ಪುಟ ತಿರುವುತ್ತಿದ್ದರು.

ಇದು ಹೆಣ್ಣು ನೋಡುವ ಶಾಸ್ತ್ರವಲ್ಲ. ಉಪ್ಪಿಟ್ಟು ಕೇಸರಿಬಾತೂ ಇಲ್ಲ, ತಲೆ ತಗ್ಗಿಸಿ ಕಾಫಿ ಲೋಟ ಹಿಡಿದು ಬರುವುದೂ ಇಲ್ಲ. ಅವಳನ್ನು ಹನ್ನೊಂದು ದಿನದ ಕೂಸಾಗಿದ್ದಾಗಲೇ ನೋಡಿ ಆಗಿತ್ತು. ನಾಮಕರಣದ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಅತ್ತೆ ಹೆಸರು ಕರೆದು, ಕಾಲಿಗೆ ಬೆಳ್ಳಿ ಕಡಗ ಹಾಕಿ, 'ಇವ್ಳು ನನ್ ಸೊಸೆ ಕಣ್ಲಾ ತಮ್ಮ' ಎಂದಿದ್ದಳು. 'ನಿಂಗಲ್ದೆ ಇನ್ಯಾರಿಗಕ್ಕ' ಎಂದಿದ್ದ ಅಪ್ಪ. ಅತ್ತೆಯ ಮಗನಿಗೆ ಆಗ ಆರು ವರ್ಷ.

ಕನ್ನಡ ಭಾಷೆಯೇ ಈ ಮದುವೆಯನ್ನು ಅರ್ಧ ಮಾಡಿಟ್ಟಿದೆ. ಅಪ್ಪನ ಅಕ್ಕತಂಗಿಯರೂ ಅತ್ತೆ, ಗಂಡನ ತಾಯಿಯೂ ಅತ್ತೆ. ಅಮ್ಮನ ಅಣ್ಣತಮ್ಮಂದಿರೂ ಮಾವ, ಗಂಡನ ಅಪ್ಪನೂ ಮಾವ. ಅಕ್ಕನ ಮಗ ಹುಟ್ಟಿದ ಗಳಿಗೆಯಿಂದಲೇ ಅಳಿಯ, ತಮ್ಮನ ಮಗಳು ಕಣ್ಣು ಬಿಡುವ ಮೊದಲೇ ಸೊಸೆ. ಇರಾವತಿ ಕರ್ವೆ ಅವರು 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಇರುವ ದೊಡ್ಡ ವ್ಯತ್ಯಾಸವಾಗಿ ಗುರುತಿಸಿದ್ದು ಇದನ್ನೇ. ಅಲ್ಲಿ ಮಗಳನ್ನು ಕೊಡುವುದು ಗುರುತಿಲ್ಲದ ಮನೆಗೆ. ಇಲ್ಲಿ ಗುರುತಿರುವ ಮನೆಗೇ ಮತ್ತೆ ಮತ್ತೆ. 1955ರ ಹಿಂದೂ ವಿವಾಹ ಕಾಯ್ದೆ ಅಣ್ಣತಂಗಿಯರ ಮಕ್ಕಳ ಮದುವೆಯನ್ನು ನಿಷಿದ್ಧ ಸಂಬಂಧಗಳ ಪಟ್ಟಿಗೆ ಸೇರಿಸಿ, ಅದರ ಬೆನ್ನಿಗೇ ರೂಢಿಯಲ್ಲಿದ್ದರೆ ಅಡ್ಡಿಯಿಲ್ಲ ಎಂದು ಬಾಗಿಲು ತೆರೆದಿಟ್ಟಿತು. ದಕ್ಷಿಣದವರು ಆ ಬಾಗಿಲಲ್ಲೇ ಓಡಾಡಿಕೊಂಡು ಬಂದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ನೂರಕ್ಕೆ 27ರಷ್ಟು ಹೆಂಗಸರು ರಕ್ತಸಂಬಂಧದಲ್ಲೇ ಮದುವೆಯಾದವರು. ಇವಳ ಬೇಡಕ್ಕೆ ಊರು ಬಾಯಿ ಬಿಟ್ಟುಕೊಂಡು ನೋಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅಷ್ಟು ಹೊತ್ತಿಗೆ ಊರಿನ ಪಾಲಿಗೆ ಅವಳ ಮದುವೆ ಆಗಿಹೋಗಿ ಇಪ್ಪತ್ತು ವರ್ಷ.

ಅವಳು ಮೊದಲು ಹೇಳಿದ್ದು ಅಡುಗೆಮನೆಯಲ್ಲಿ ಅವ್ವನಿಗೆ. ಅವ್ವ ಒಲೆಯ ಉರಿ ಸಣ್ಣ ಮಾಡಿ, 'ಇವತ್ತು ಬ್ಯಾಡ, ಹಬ್ಬ ಕಳೀಲಿ' ಎಂದಳು. ಅಷ್ಟರಲ್ಲಿ ನಡುಮನೆಯಿಂದ 'ಅಮ್ಮೀ, ಬಾ ಇಲ್ಲಿ, ಯಾವತ್ತು ಮುಗೀತದೆ ನಿನ್ ಪರೀಕ್ಷೆ?' ಎಂದು ಅಪ್ಪ ಕೂಗಿದ. ಅಮ್ಮಿ ಎನ್ನುವುದು ಅಪ್ಪ ಮಾತ್ರ ಅವಳನ್ನು ಕರೆಯುತ್ತಿದ್ದ ಬಗೆ. ಅವಳು ಹೋಗಿ ಕಂಬಕ್ಕೆ ಒರಗಿ ನಿಂತು, ಏಪ್ರಿಲ್ ಎಂದಳು. ಆಮೇಲೆ, ಒಂದೇ ಉಸಿರಿನಲ್ಲಿ, ನಂಗೆ ಈ ಮದುವೆ ಬೇಡಪ್ಪ ಎಂದಳು.

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಬೇಡ ಎಂಬ ಒಂದು ಪದ ತನ್ನ ಕಾಲ ಮೇಲೆ ತಾನೇ ನಿಲ್ಲಬಲ್ಲದು ಎಂಬ ಧೈರ್ಯ ಆ ವಯಸ್ಸಿನಲ್ಲಿ ಅವಳಿಗಿರಲಿಲ್ಲ. ಅದಕ್ಕೇ ಕಾಲೇಜಿನಲ್ಲಿ ಕಲಿತದ್ದನ್ನು ತಂದು ಊರುಗೋಲು ಮಾಡಿದಳು. ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳು ಮದುವೆಯಾದರೆ, ಇಬ್ಬರಲ್ಲೂ ಒಂದೇ ದೋಷದ ಜೀನ್ ಅಡಗಿ ಕೂತಿರುವ ಸಂಭವ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಕಾಯಿಲೆ ಮಗುವಿಗೆ ಬರಬಹುದು. ಕಪ್ಪು ಹಲಗೆಯ ಮೇಲೆ ಲೆಕ್ಚರರು ಬರೆಯುತ್ತಿದ್ದ ನಾಲ್ಕು ಚೌಕಗಳನ್ನು ಅವಳು ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದಳಂತೆ. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಯಾವುದೇ ದಂಪತಿಗೆ ಗಂಭೀರ ದೋಷವಿರುವ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರರ ಆಸುಪಾಸು; ಅತ್ತೆ ಮಾವನ ಮಕ್ಕಳು ಮದುವೆಯಾದರೆ ಅದರ ಮೇಲೆ ಇನ್ನೂ ಎರಡೋ ಮೂರೋ ಸೇರುತ್ತದೆ. ಹೆದರಬೇಕಾದ ಲೆಕ್ಕ ಹೌದು, ಮದುವೆ ಮುರಿಯುವ ಲೆಕ್ಕ ಎಲ್ಲರಿಗೂ ಅಲ್ಲ. ಇವತ್ತು ಹೈಸ್ಕೂಲಿನಲ್ಲಿ ಅದೇ ಪಾಠ ಮಾಡುವ ಅವಳೇ ಇದನ್ನು ಒಪ್ಪುತ್ತಾಳೆ. ಅವಳಿಗೆ ಜೀನಿನ ಭಯವೇನೂ ಇರಲಿಲ್ಲ. ಅವನ ಜೊತೆ ಬಾಳುವುದನ್ನು ಮನಸ್ಸಿಗೆ ತಂದುಕೊಳ್ಳಲು ಆಗುತ್ತಿರಲಿಲ್ಲ, ಅಷ್ಟೆ.

ಅಪ್ಪನಿಗೆ ಕೇಳಿಸಿದ್ದು ಮಾತ್ರ ಒಂದೇ.

'ನಮ್ ರಕ್ತ ಕೆಟ್ಟದೆ ಅಂತ ಬುಕ್ನಲ್ಲಿ ಬರ್ದವ್ರಾ?'

ಮಾವ ಪಂಚಾಂಗ ಮುಚ್ಚಿದ. ಅತ್ತೆಯ ಮಗ ಎದ್ದು ಹೊರಗೆ ಹೋಗಿ ಎತ್ತುಗಳ ಹತ್ತಿರ ನಿಂತ. ಅತ್ತೆ ಯಾರ ಮುಖವನ್ನೂ ನೋಡದೆ, ಎಲೆ ಅಡಿಕೆಯ ಚೀಲದ ದಾರ ಬಿಗಿಯುತ್ತಾ, 'ನಾನ್ ಒತ್ತಿದ್ದು ಒತ್ತಾಯ್ತಲ್ಲ ತಮ್ಮ' ಎಂದಳು. ಅಪ್ಪನ ಮುಖ ಆಗ ಹೇಗಾಯಿತೆಂದರೆ, ಅದುವರೆಗೂ ಇದ್ದ ಸಿಟ್ಟು ಒಮ್ಮೆಲೇ ಇಳಿದು, ಅದರ ಜಾಗಕ್ಕೆ ಬೇರೆ ಏನೋ ಬಂದು ಕೂತಂತೆ. ಅವಳು ಅತ್ತೆ ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೆಂದೇ ಇಪ್ಪತ್ತು ವರ್ಷ ತಿಳಿದಿದ್ದಳು. ಒತ್ತಿದ್ದು ಏನನ್ನು?

ಆ ರಾತ್ರಿ ಯಾರೂ ಉಣ್ಣಲಿಲ್ಲ. ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕ ಲಾಟೀನು ಇಟ್ಟುಕೊಂಡು ಅಪ್ಪ ಮಚ್ಚು ಮಸೆಯಲು ಕೂತ. ಕಲ್ಲಿಗೆ ನೀರು ಚಿಮುಕಿಸುವ ಸದ್ದು, ಆಮೇಲೆ ಕಬ್ಬಿಣ ಎಳೆದ ಸದ್ದು, ಮತ್ತೆ ನೀರು. ಒಂದಲ್ಲ, ನಾಲ್ಕು ಮಚ್ಚು. ಅವಳು ಒಳಮನೆಯಲ್ಲಿ ಎಚ್ಚರವಾಗಿ ಮಲಗಿದ್ದಳು. ಅವ್ವ ಬಾಗಿಲಿಗೆ ಅಡ್ಡ ಚಾಪೆ ಹಾಸಿಕೊಂಡು ಮಲಗಿದಳು. ಹದಿನೆಂಟು ವರ್ಷ ಆದ ಮೇಲೆ ಒಂದು ದಿನ ಅವ್ವನನ್ನು ಕೇಳಿದ್ದಕ್ಕೆ, ಬೆಳಗ್ಗೆ ಕಬ್ಬು ಕಡಿಯುವ ಆಳುಗಳು ಬರುವವರಿದ್ದರು, ಮಸೆಯದೆ ಬಿಡಕಾಗ್ತದಾ ಎಂದಳು. ಮತ್ತೆ ನೀನ್ಯಾಕೆ ಬಾಗಿಲಿಗೆ ಅಡ್ಡ ಮಲಗಿದ್ದೆ ಎಂದರೆ ಅವ್ವ ಮಾತು ಬದಲಿಸಿದಳು.

ಅವ್ವ ಅಡ್ಡ ಮಲಗಿದ್ದನ್ನು ಅತಿಯಾಯಿತು ಎನ್ನುವಂತಿಲ್ಲ. ಮಗಳ ಆಯ್ಕೆಗೆ ಅಪ್ಪನೇ ಮಗಳನ್ನು ಕೊಂದ ಸುದ್ದಿ ಮುಂದೆ ಇದೇ ಜಿಲ್ಲೆಯಿಂದಲೂ ಪತ್ರಿಕೆಗಳಿಗೆ ಬಂತು. ಇಂಥ ಕೊಲೆಗಳೂ ಕಟ್ಟೆಪಂಚಾಯಿತಿಗಳೂ ಹೆಚ್ಚಿದ್ದನ್ನು ಕಂಡೇ ಕಾನೂನು ಆಯೋಗ 2012ರಲ್ಲಿ ತನ್ನ 242ನೇ ವರದಿ ಕೊಟ್ಟಿತು. ವಯಸ್ಸಿಗೆ ಬಂದ ಇಬ್ಬರು ಒಪ್ಪಿದರೆ ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿತು. ಗಮನಿಸಬೇಕಾದ್ದೆಂದರೆ, ಇವೆಲ್ಲವೂ ಒಪ್ಪಿದವರ ಬಗ್ಗೆ. ಒಲ್ಲೆ ಎಂದು ಸುಮ್ಮನೆ ಮನೆಯಲ್ಲೇ ಉಳಿದ ಹುಡುಗಿಯ ಸುದ್ದಿ ಪತ್ರಿಕೆಗೂ ಬರುವುದಿಲ್ಲ, ಕೋರ್ಟಿಗೂ ಹೋಗುವುದಿಲ್ಲ.

ಒಲ್ಲೆ ಎಂದು ಕೋರ್ಟಿಗೆ ಹೋದವಳು ಒಬ್ಬಳಿದ್ದಳು. ಅವಳ ಕಥೆ ಇವಳಿಗೆ ಸಿಕ್ಕಿದ್ದು ಬಿ.ಎಡ್. ಓದುವಾಗ, ಲೈಬ್ರರಿಯಲ್ಲಿ. ಮುಂಬಯಿಯ ರುಕ್ಮಾಬಾಯಿ. ಹನ್ನೊಂದು ವರ್ಷಕ್ಕೆ ದಾದಾಜಿ ಭಿಕಾಜಿ ಎಂಬವನಿಗೆ ಕೊಟ್ಟು ಮದುವೆ ಮಾಡಿದ್ದರು. ದೊಡ್ಡವಳಾದ ಮೇಲೆ ಅವನ ಮನೆಗೆ ಹೋಗಲಾರೆ ಎಂದಳು. 1884ರಲ್ಲಿ ಅವನು ದಾವೆ ಹೂಡಿದ. ಮೊದಲು ಅವಳ ಕಡೆಗೆ ತೀರ್ಪು ಬಂತು, ಮೇಲ್ಮನವಿಯ ನಂತರ 1887ರಲ್ಲಿ ತಿರುಗಿತು: ಗಂಡನ ಮನೆಗೆ ಹೋಗು, ಇಲ್ಲವೇ ಆರು ತಿಂಗಳು ಜೈಲಿಗೆ ಹೋಗು. ಜೈಲಿಗೇ ಹೋಗುತ್ತೇನೆ ಎಂದಳು ರುಕ್ಮಾಬಾಯಿ. ಮರುವರ್ಷ ಎರಡು ಸಾವಿರ ರೂಪಾಯಿ ತೆಗೆದುಕೊಂಡು ದಾದಾಜಿ ಕೈಬಿಟ್ಟ. ಅವಳು ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಬಂದು ಸೂರತ್ತಿನಲ್ಲಿ, ರಾಜಕೋಟೆಯಲ್ಲಿ ಡಾಕ್ಟರಾದಳು. ಇವಳನ್ನು ಹಿಡಿದು ನಿಲ್ಲಿಸಿದ್ದು ಜೈಲಿನ ಮಾತಲ್ಲ, ಬೇರೆ ಎರಡು ಸಂಗತಿ. ರುಕ್ಮಾಬಾಯಿಯ ಬೆನ್ನಿಗೆ ನಿಂತವನು ಅವಳ ಮಲತಂದೆ, ಡಾಕ್ಟರ್ ಸಖಾರಾಮ ಅರ್ಜುನ. ಇನ್ನೊಂದು, ಆ ಇಡೀ ಜಗಳದ ಅಡಿಯಲ್ಲಿ ರುಕ್ಮಾಬಾಯಿಗೆ ಹೆತ್ತ ತಂದೆಯ ಕಡೆಯಿಂದ ಬಂದ ಆಸ್ತಿಯ ಮಾತೂ ಇತ್ತು. ಮದುವೆಯ ಜಗಳದಲ್ಲಿ ಆಸ್ತಿ ಎಲ್ಲಿಂದ ಬಂತು ಎಂದುಕೊಂಡು ಅವಳು ಪುಟ ತಿರುಗಿಸಿದಳು. ತನ್ನ ಮನೆಯ ಕಡೆ ಆಗ ಅವಳ ಯೋಚನೆ ಹೋಗಲಿಲ್ಲ.

ಅಪ್ಪ ಹೊಡೆಯಲಿಲ್ಲ. ಓದು ಬಿಡಿಸಲಿಲ್ಲ, ಫೀಜಿನ ದುಡ್ಡು ಅವ್ವನ ಕೈಯಲ್ಲಿ ಕಳಿಸಿದ. ಅವನು ಮಾಡಿದ್ದು ಒಂದೇ. ಮಾತು ಬಿಟ್ಟ. ಪರೀಕ್ಷೆ ಮುಗಿಸಿಕೊಂಡು ಊರಿಗೆ ಬಂದವಳಿಗೆ ಮನೆಯಲ್ಲಿ ಹೆಸರೇ ಇರಲಿಲ್ಲ. 'ನಿನ್ ಮಗಳಿಗೆ ಹೇಳು, ದೀಪ ಆರ್ಸಕೆ', 'ನಿನ್ ಮಗಳು ಉಂಡ್ಳಾ?' ಎಲ್ಲವೂ ಅವ್ವನ ಮುಖಾಂತರ. ಎದುರಿಗೇ ಕೂತಿದ್ದರೂ ಅಷ್ಟೆ. ಬಾಗಿಲಲ್ಲಿ ಅವಳು ಎದುರಾದರೆ ಅವನು ಪಕ್ಕಕ್ಕೆ ಸರಿದು ನಿಂತು, ಅವಳು ಹೋದ ಮೇಲೆ ಹೋಗುತ್ತಿದ್ದ, ಪರ ಹೆಂಗಸಿಗೆ ದಾರಿ ಬಿಟ್ಟಂತೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ.

ಒಂದೇ ಒಂದು ಸಲ ಬಾಯಿಬಿಟ್ಟ, ಅದೂ ಗೋಡೆಗೆ ಹೇಳುವವನ ಹಾಗೆ. ಏಳನೇ ಕ್ಲಾಸಿನವರೆಗೆ ಓದಿದ್ದ ಅಪ್ಪನಿಗೆ ಗೋವಿನ ಹಾಡು ಪೂರ್ತಿ ಬಾಯಿಪಾಠ. ಇಸ್ಕೂಲಲ್ಲಿ ಎಲ್ರೂ ಪುಣ್ಯಕೋಟಿ ಹಾಡು ಓದ್ತಾರೆ, ಒಂದ್ ಹಸಕ್ಕಿರೋ ನಿಯತ್ತು ಮನುಷ್ಯರಿಗಿಲ್ಲ ಎಂದ. ಅವಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಉತ್ತರ ಹೊಳೆದದ್ದು ಎಷ್ಟೋ ದಿನಗಳಾದ ಮೇಲೆ: ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟದ್ದು ತನ್ನ ಜೀವದ ಬಗ್ಗೆ. ಕರುವನ್ನು ತಂದೊಪ್ಪಿಸುತ್ತೇನೆ ಎಂದು ಹೇಳಿ ಬಂದಿರಲಿಲ್ಲ.

ಆ ಮಾತು ಅಪ್ಪನಿಗೆ ಹೇಳುವ ಸಂದರ್ಭ ಬರಲಿಲ್ಲ. ಬಂದಿದ್ದರೂ ಹೇಳುತ್ತಿದ್ದಳೋ ಇಲ್ಲವೋ.

ಸುಮಾರು ಹನ್ನೊಂದು ತಿಂಗಳ ಆ ಮೌನ ಮುರಿದದ್ದು ಕರೆಂಟಿನಿಂದ. ನಾಲೆಯಲ್ಲಿ ನೀರು ನಿಂತ ಕಾಲದಲ್ಲಿ ಬೋರ್‌ವೆಲ್ಲೇ ಗತಿ. ಮೋಟರು ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬರುತ್ತಿದ್ದುದು ರಾತ್ರಿ ಹನ್ನೆರಡಕ್ಕೋ ಎರಡಕ್ಕೋ. ಡಿಸೆಂಬರಿನ ಒಂದು ರಾತ್ರಿ ಅವ್ವ ತವರಿಗೆ ಹೋಗಿದ್ದಳು, ತಮ್ಮ ಬೆಂಗಳೂರಿನಲ್ಲಿದ್ದ. ಅಪ್ಪ ಕಂಬಳಿ ಹೊದ್ದು ಜಗಲಿಯಲ್ಲಿ ಮಲಗಿದ್ದವನು ನಡುರಾತ್ರಿ ಕೂಗಿದ: 'ಅಮ್ಮೀ, ತ್ರೀ ಫೇಸ್ ಬಂತಾ ನೋಡು.' ಅವಳು ಎದ್ದು ಸ್ವಿಚ್ ಬೋರ್ಡಿನ ಮೂರು ದೀಪ ನೋಡಿ, ಬಂತು ಎಂದಳು. ಅಪ್ಪ ಟಾರ್ಚು ಹಿಡಿದು ಗದ್ದೆಗೆ ಹೋದ. ಅಷ್ಟೆ. ಮಾರನೆಯ ದಿನದಿಂದ ಮಾತು, ಮೊದಲಿನಷ್ಟಲ್ಲದಿದ್ದರೂ, ಮನೆಯೊಳಗೆ ನೇರವಾಗಿ ಓಡಾಡತೊಡಗಿತು. ಯಾರೂ ಯಾರನ್ನೂ ಕ್ಷಮಿಸು ಎನ್ನಲಿಲ್ಲ. ನಮ್ಮ ಕಡೆ ಆ ಪದವನ್ನು ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ಬಳಸುವುದಿಲ್ಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಅತ್ತೆಯ ಮಗನಿಗೆ 1999ರಲ್ಲಿ ಮದುವೆಯಾಯಿತು. ಅವಳು ಬಿ.ಎಡ್. ಮುಗಿಸಿ ಹೈಸ್ಕೂಲಿಗೆ ಸೇರಿದಳು. 2003ರಲ್ಲಿ ಅವಳ ಮದುವೆಯೂ ಆಯಿತು, ಅಪ್ಪನೇ ಹುಡುಕಿದ ಸಂಬಂಧ. ಇದನ್ನು ಕೇಳಿದವರು, ಅಷ್ಟೆಲ್ಲ ರಂಪ ಮಾಡಿ ಕೊನೆಗೆ ಅಪ್ಪ ತೋರಿಸಿದವನನ್ನೇ ಕಟ್ಟಿಕೊಂಡೆಯಾ ಎಂದು ಕೇಳುವುದುಂಟು. ಅವಳ ಜಗಳ ಯಾವತ್ತೂ ಅಪ್ಪ ಹುಡುಕುವುದರ ಮೇಲೆ ಇರಲಿಲ್ಲ. ಹುಡುಗ ನೋಡಿಕೊಂಡು ಹೋದ ರಾತ್ರಿ ಅಪ್ಪ, ನಿಂಗೆ ಒಪ್ಪಿಗೇನಾ ಎಂದು ಕೇಳಿದ. ಹೂಂ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ. ಮಲಗುವ ಮುಂಚೆ ಅವ್ವನನ್ನು ಕಳಿಸಿ ಮೂರನೆಯ ಸಲವೂ ಕೇಳಿಸಿದ. ಆ ಮದುವೆಗೆ ಅತ್ತೆಯ ಮಗ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ. ಕೈ ತೊಳೆಯುವ ಜಾಗದಲ್ಲಿ ಅವಳು ಸಿಕ್ಕಾಗ, 'ಅವತ್ತು ನೀನು ಹೇಳಿದ್ದು ಒಳ್ಳೇದೇ ಆಯ್ತು ಕಣವ್ವ, ನಂಗೆ ಹೇಳೋ ಧೈರ್ಯ ಇರ್ನಿಲ್ಲ' ಎಂದು, ಕೈ ಒರೆಸಿಕೊಳ್ಳುತ್ತಾ ಹೋದ. ಅವನನ್ನೂ ಒಬ್ಬರೂ ಕೇಳಿರಲಿಲ್ಲ ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅಪ್ಪ ತೀರಿಕೊಂಡದ್ದು 2016ರಲ್ಲಿ. ಮರುವರ್ಷ ಪೌತಿ ಖಾತೆ ಮಾಡಿಸಬೇಕೆಂದು ತಮ್ಮ ಕಾಗದ ಪತ್ರ ಹುಡುಕಲು ಶುರು ಮಾಡಿದ. ವಂಶವೃಕ್ಷ ಬೇಕು, ಮರಣಪತ್ರ ಬೇಕು, ಹಳೆಯ ಕ್ರಯಪತ್ರಗಳಿದ್ದರೆ ಒಳ್ಳೆಯದು. ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ, ಕಂದಾಯದ ರಸೀದಿಗಳ ಕೆಳಗೆ, ನಾಲ್ಕಾಗಿ ಮಡಚಿದ ಒಂದು ಛಾಪಾ ಕಾಗದ ಸಿಕ್ಕಿತು. ಮಡಿಕೆಯಲ್ಲಿ ಹರಿದಿದ್ದ ಕಡೆ ಒಳಗಿನಿಂದ ಅನ್ನದ ಗಂಜಿ ಹಚ್ಚಿ ಕಾಗದ ಅಂಟಿಸಿದ್ದ. ಹಕ್ಕು ಖುಲಾಸೆ ಪತ್ರ. ನಮ್ಮ ತಂದೆಯವರ ಸ್ವತ್ತಿನಲ್ಲಿ ನನಗೆ ಬರಬಹುದಾದ ಸಕಲ ಹಕ್ಕನ್ನೂ ಅರಿಶಿನ ಕುಂಕುಮದ ಬಾಬ್ತು ಐನೂರು ರೂಪಾಯಿ ಪಡೆದು ತಮ್ಮನ ಹೆಸರಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತು. ಕೆಳಗೆ ಅತ್ತೆಯ ಎಡಗೈ ಹೆಬ್ಬೆಟ್ಟು, ನೇರಳೆ ಬಣ್ಣದ್ದು, ರೇಖೆಗಳು ಇನ್ನೂ ಸ್ಪಷ್ಟ.

ಅವಳು ನೋಡಿದ್ದು ತಾರೀಖನ್ನು. 1976ರ ನವೆಂಬರು. ಅವಳ ನಾಮಕರಣವಾಗಿ ಸರಿಯಾಗಿ ಏಳನೇ ದಿನ.

ಮೊದಲು ತೊಟ್ಟಿಲ ಮುಂದೆ ಮಾತು, ವಾರಕ್ಕೆ ಹೆಬ್ಬೆಟ್ಟು. ನಾನ್ ಒತ್ತಿದ್ದು ಒತ್ತಾಯ್ತಲ್ಲ ಎಂದು ಅತ್ತೆ ಸಂಕ್ರಾಂತಿಯ ದಿನ ಹೇಳಿದ್ದು ಇದನ್ನು. ಅಪ್ಪನ ಮುಖದಲ್ಲಿ ಸಿಟ್ಟು ಇಳಿದು ಬಂದು ಕೂತದ್ದಕ್ಕೂ ಆಗ ಹೆಸರು ಸಿಕ್ಕಿತು. ಸಾಲಗಾರನ ಮುಖ ಅದು.

ಆ ಜಮೀನಿನ ಬೆಲೆ ತಿಳಿಯಬೇಕಾದರೆ ನಾಲೆಯ ಕಥೆ ತಿಳಿದಿರಬೇಕು. ಈಗ ವಿಶ್ವೇಶ್ವರಯ್ಯ ನಾಲೆ ಎನ್ನುವುದನ್ನು ಹಳಬರು ಇರ್ವಿನ್ ನಾಲೆ ಎನ್ನುತ್ತಿದ್ದರು. 1930ರ ದಶಕದ ಹೊತ್ತಿಗೆ ಕನ್ನಂಬಾಡಿಯ ನೀರು ಆ ನಾಲೆಯಲ್ಲಿ ಹರಿದು ಬಂದು ರಾಗಿ ಹೊಲಗಳು ಗದ್ದೆಗಳಾದವು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾಗಿ ಕಬ್ಬು ಬಂತು. ಅತ್ತೆ ಹುಟ್ಟಿದ್ದು ನೀರು ಕಂಡ ಊರಿನಲ್ಲಿ, ಕೊಟ್ಟಿದ್ದು ಮಳೆ ನೋಡುವ ಊರಿಗೆ. ಅವಳ ಪಾಲಿಗೆ ಕಾನೂನು ಇರಲಿಲ್ಲವೆಂದಲ್ಲ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಹೆಂಗಸರ ಹಕ್ಕುಗಳಿಗೆ ಒಂದು ಕಾಯ್ದೆ ಮಾಡಿತ್ತು. 1956ರ ಉತ್ತರಾಧಿಕಾರ ಕಾಯ್ದೆ ತಂದೆ ಸತ್ತ ಮೇಲೆ ಅವನ ಪಾಲಿನಲ್ಲಿ ಮಗಳಿಗೂ ಭಾಗ ಎಂದಿತು. ಅಜ್ಜ ಸತ್ತದ್ದು 1975ರಲ್ಲಿ. ಅತ್ತೆ ಕೇಳಿದ್ದರೆ ಕೊಡಲೇಬೇಕಿತ್ತು. ಅದಕ್ಕೇ ಹೆಬ್ಬೆಟ್ಟು ಒತ್ತಿಸಿಕೊಂಡ ಖುಲಾಸೆ ಪತ್ರ ಬೇಕಾದದ್ದು.

ಅತ್ತೆ ಸುಮ್ಮನೆ ಬಿಟ್ಟುಕೊಡಲಿಲ್ಲ. ತನ್ನ ಪಾಲಿನ ಗದ್ದೆ ತವರಲ್ಲೇ ಉಳಿಯಲಿ, ಅದಕ್ಕೆ ಬದಲು ಆ ಗದ್ದೆಯ ಮನೆಯ ಹುಡುಗಿ ತನ್ನ ಮನೆಗೆ ಬರಲಿ. ಇದು ಅವಳ ಲೆಕ್ಕ. ಹೀಗೆ ಮಾಡಿದವಳು ಅತ್ತೆ ಒಬ್ಬಳೇ ಅಲ್ಲ. ಸೋದರ ಸಂಬಂಧವನ್ನು ಪ್ರೀತಿ, ಕರುಳು, ಕಳ್ಳುಬಳ್ಳಿ ಎಂದು ಹೊಗಳುವವರು ಅದರ ಅಡಿಯಲ್ಲಿರುವ ಪಹಣಿಯನ್ನು ಬಿಡಿಸಿ ನೋಡುವುದಿಲ್ಲ. ಅಲ್ಲಿ ಪ್ರೀತಿ ಇಲ್ಲವೆಂದಲ್ಲ. ಪ್ರೀತಿಯೂ ಇದೆ, ನಾಲ್ಕು ಎಕರೆ ಹನ್ನೆರಡು ಗುಂಟೆಯೂ ಇದೆ.

ವಿಚಿತ್ರವೆಂದರೆ ಅವಳು 'ಬೇಡ' ಎನ್ನುವ ಹೊತ್ತಿಗೆ ಅವಳಿಗೇ ಆ ಜಮೀನಿನಲ್ಲಿ ಹಕ್ಕು ಹುಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು: ಪಿತ್ರಾರ್ಜಿತದಲ್ಲಿ ಮಗನಂತೆ ಮಗಳಿಗೂ ಹುಟ್ಟಿನಿಂದಲೇ ಪಾಲು. ಒಂದೇ ಷರತ್ತು, ಆ ದಿನಕ್ಕೆ ಮೊದಲೇ ಮದುವೆಯಾಗಿದ್ದವರಿಗೆ ಇಲ್ಲ. ಅತ್ತೆಗೆ ಇಲ್ಲ, ಸೊಸೆಗೆ ಉಂಟು. ಆ ಷರತ್ತನ್ನು ಕೇಂದ್ರ ಸರ್ಕಾರ 2005ರಲ್ಲಿ ದೇಶಕ್ಕೆಲ್ಲ ಒಂದೇ ಕಾನೂನು ತಂದಾಗ ತೆಗೆಯಿತು. ಅಷ್ಟರಲ್ಲಿ ಅತ್ತೆಯ ಹೆಬ್ಬೆಟ್ಟಿಗೆ ಇಪ್ಪತ್ತೊಂಬತ್ತು ವರ್ಷ. ಅಪ್ಪನಿಗೆ ಈ ಕಾಯ್ದೆಗಳು ತಿಳಿದಿದ್ದವೋ ಏನೋ. ಅಕ್ಕನಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಂಡಿದ್ದೇನೆ ಎಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ತೀರಿಸಲು ಅವನ ಬಳಿ ಇದ್ದದ್ದು ಒಂದೇ ನಾಣ್ಯ. ಆ ನಾಣ್ಯ ಕಂಬಕ್ಕೆ ಒರಗಿ ನಿಂತು, ನಾನು ಒಲ್ಲೆ ಎಂದಿತು. ಗದ್ದೆ ಕೊಟ್ಟೂ ತೀರಿಸಬಹುದಿತ್ತಲ್ಲ ಎಂದರೆ, ಅದು ಅಪ್ಪನ ತಲೆಗೆ ಹೋಗಿರಲಾರದು. ಅಥವಾ ಹೋಗಿ, ಅಲ್ಲಿಂದಲೇ ಅಷ್ಟು ಸಿಟ್ಟು ಬಂದಿದ್ದರೂ ಬಂದಿರಬಹುದು.

ಟ್ರಂಕು ಮುಚ್ಚುವ ಮೊದಲು ತಮ್ಮ ಇನ್ನೊಂದು ಕಾಗದ ತೆಗೆದ. ಹೊಸದು, ಟೈಪು ಮಾಡಿಸಿದ್ದು. ಜೊತೆಗೆ ಒಂದು ರೇಷ್ಮೆ ಸೀರೆ, ಅದರ ಮೇಲೆ ಅರಿಶಿನ ಕುಂಕುಮದ ಪೊಟ್ಟಣ. 'ಅಕ್ಕ, ನಿಂಗೇನು, ಸಂಬಳ ಬರ್ತದೆ, ಭಾವಂಗೂ ಬರ್ತದೆ. ಒಂದ್ ಸೈನ್ ಹಾಕ್ಬಿಡು.' ಹಕ್ಕು ಖುಲಾಸೆ ಪತ್ರದ ಒಕ್ಕಣೆ ನಲವತ್ತು ವರ್ಷಗಳಲ್ಲಿ ಹೆಚ್ಚು ಬದಲಾಗಿರಲಿಲ್ಲ. ಐನೂರರ ಜಾಗದಲ್ಲಿ ಐವತ್ತು ಸಾವಿರ ಇತ್ತು. ಅವಳು ಓದಿ, ಮಡಚಿ, ವಾಪಸ್ಸು ಕೊಟ್ಟು, ನಂಗೆ ಬೇಡ ಕಣಪ್ಪ ಎಂದಳು. ತಮ್ಮ ಸೀರೆಯನ್ನು ಬ್ಯಾಗಿಗೆ ತುರುಕಿ ಎದ್ದ. ಎರಡು ವರ್ಷ ಅವಳೊಂದಿಗೆ ಮಾತು ಬಿಟ್ಟ. ಅವ್ವನಿಗೆ ಫೋನು ಮಾಡಿದಾಗಲೆಲ್ಲ, ನಿನ್ ಮಗಳು ಬಂದಿದ್ಲಾ ಎಂದು ಕೇಳುತ್ತಿದ್ದನಂತೆ.

ಆ ವಾರವೇ ಅವಳು ನಾಗಮಂಗಲದ ಬಸ್ಸು ಹತ್ತಿದಳು. ಅತ್ತೆಗೆ ಎಪ್ಪತ್ತಾರು. ಕಣ್ಣು ಮಂಜಾಗಿತ್ತು, ನಾಲಗೆ ಚುರುಕಾಗಿಯೇ ಇತ್ತು. ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹಳೆಯ ಪತ್ರವನ್ನು ಮೊದಲಿನಿಂದ ಕೊನೆಯವರೆಗೂ ಓದಿ ಹೇಳಿದಳು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು. ಒತ್ತಿದ್ದವಳು ಅವಳೇ ಆದರೂ ಅದರಲ್ಲಿ ಏನು ಬರೆದಿದೆ ಎಂದು ಅಲ್ಲಿಯವರೆಗೆ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ.

'ಎಷ್ಟು ಅಂತ ಬರ್ದವ್ರೆ?'

'ನಾಕೆಕ್ರೆ ಹನ್ನೆರಡು ಗುಂಟೆ.'

'ಅಷ್ಟೇನಾ? ನಮ್ಮಪ್ಪ ಇದ್ದಾಗ ಐದಿತ್ತಲ್ಲ' ಎಂದು ಅತ್ತೆ ಎಲೆ ಮಡಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ, ಅವಳ ಕೈ ಹಿಡಿದು ತಿರುಗಿಸಿ ಹೆಬ್ಬೆಟ್ಟು ಮುಟ್ಟಿ ನೋಡಿ, 'ನೀನು ಸೈನ್ ಹಾಕ್ತೀಯಲ್ವಾ, ಒತ್ತಲ್ವಲ್ಲ' ಎಂದಳು.

ಅದರ ನಂತರ ಜಂಟಿ ಖಾತೆಯಾಯಿತು. ಪಹಣಿಯ 9ನೇ ಕಾಲಮ್ಮಿನಲ್ಲಿ ಈಗ ಮೂರು ಹೆಸರಿವೆ: ಅವ್ವನದು, ತಮ್ಮನದು, ಅವಳದು. ಅತ್ತೆಯ ಹೆಸರು ಅದರ ಯಾವ ಕಾಲಮ್ಮಿನಲ್ಲೂ ಇಲ್ಲ.